ಮೆಚ್ಚಿಸುವ ಕುಸ್ತಿ

ಕಳೆದ ಬೇಸಿಗೆಯಲ್ಲಿ ಎರಡು ದಿನ ಇದ್ದು ಬರೋಣವೆಂದು ಭದ್ರಾವತಿಗೆ ಅಕ್ಕನ ಮನೆಗೆ ಹೋಗಿದ್ದೆ. ಶಿವಮೊಗ್ಗದಿಂದ ಭದ್ರಾವತಿ ಎಷ್ಟು ದೂರ? ಬಸ್ಸು ಹತ್ತಿ ಪಕ್ಕದವಳ ಊರು ಯಾವುದು, ಮಕ್ಕಳೆಷ್ಟು ಎಂದು ಕೇಳಿ ಮುಗಿಸುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಆದರೂ ಹೋಗುವುದು ವರ್ಷಕ್ಕೆ ಮೂರೋ ನಾಲ್ಕೋ ಸಲ. ಹತ್ತಿರದ ಊರುಗಳ ಹಣೆಬರಹವೇ ಅಷ್ಟು. ಯಾವಾಗ ಬೇಕಾದರೂ ಹೋಗಬಹುದಲ್ಲ ಎನ್ನುವ ಧೈರ್ಯದಲ್ಲಿ ಹೋಗುವುದೇ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಒಳಗೆ ಮಲಗಿದ್ದಳು. ನಾನು ನಡುಮನೆಯಲ್ಲಿ ಹಲಸಿನ ಹಪ್ಪಳದ ಡಬ್ಬಿ ಇಟ್ಟುಕೊಂಡು ಕುಳಿತಿದ್ದೆ. ಅಕ್ಕನ ಮೊಮ್ಮಗ, ಹನ್ನೊಂದು ವರ್ಷದ ಹುಡುಗ, ಗೋಡೆಗೊರಗಿ ಫೋನಿನಲ್ಲಿ ಏನೋ ಆಡುತ್ತಿದ್ದ. ಇದ್ದಕ್ಕಿದ್ದಂತೆ "ಗೆದ್ದೆ!" ಎಂದು ಕೂಗಿದ. ಮರುಕ್ಷಣವೇ "ಛೇ, ಹಾಳಾಗೋಯ್ತು" ಎಂದು ಫೋನನ್ನು ಚಾಪೆಯ ಮೇಲೆ ಎಸೆದ.

"ಗೆದ್ದ ಮೇಲೆ ಹಾಳಾಗೋದು ಎಂತದೋ?" ಎಂದೆ.

"ಗೆದ್ದೆ ಚಿಕ್ಕಜ್ಜಿ. ಆದರೆ ಅಂಕ ಬರಲಿಲ್ಲ. ಬೇಗ ಗೆದ್ದುಬಿಟ್ಟೆ. ಜನಕ್ಕೆ ಬೇಜಾರಾಯ್ತು."

ಯಾವ ಜನ ಎಂದು ನನಗೆ ತಿಳಿಯಲಿಲ್ಲ. ಅವನು ಪಕ್ಕಕ್ಕೆ ಬಂದು ತೋರಿಸಿದ. ಅದು ಕುಸ್ತಿಯ ಆಟ. ನಮ್ಮ ಮಣ್ಣಿನ ಕುಸ್ತಿಯಲ್ಲ, ಟೀವಿಯಲ್ಲಿ ಬರುವ, ಹಗ್ಗದ ಕಟ್ಟೆಯೊಳಗೆ ದೈತ್ಯರು ಒಬ್ಬರನ್ನೊಬ್ಬರು ಎತ್ತಿ ಎಸೆಯುವ ಕುಸ್ತಿ. ಗೊಂಬೆಗಳು ಚಿಕ್ಕವು, ಚೌಕ ಚೌಕ ಚುಕ್ಕಿಗಳಿಂದ ಮಾಡಿದಂತೆ ಕಾಣುತ್ತಿದ್ದವು. "ಇದು ಭಾರೀ ಹಳೇ ಆಟ ಚಿಕ್ಕಜ್ಜಿ, ನಾನು ಹುಟ್ಟೋಕೂ ಮುಂಚಿನದು" ಎಂದು ಹೆಮ್ಮೆಯಿಂದ ಹೇಳಿದ. ಹೆಸರು ಫೈರ್ ಪ್ರೋ ರೆಸ್ಲಿಂಗ್. ಜಪಾನಿನವರು 1989ರಲ್ಲಿ ಶುರುಮಾಡಿದ ಸರಣಿ. ಇವನು ಆಡುತ್ತಿದ್ದುದು 2001ರಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಎಂಬ ಪುಟ್ಟ ಯಂತ್ರಕ್ಕಾಗಿ ಬಂದದ್ದು. ಈಗ ಯಾರೋ ಸ್ನೇಹಿತನ ಅಣ್ಣ ಅದನ್ನು ಫೋನಿಗೆ ಹಾಕಿಕೊಟ್ಟಿದ್ದನಂತೆ. ಅದರಲ್ಲಿ ಒಂದು ಬಗೆಯ ಪಂದ್ಯವಿದೆ. ಅಲ್ಲಿ ಎದುರಾಳಿಯನ್ನು ಕೆಡವಿದರಷ್ಟೇ ಸಾಲದು, ಸುತ್ತ ಕುಳಿತ ಪ್ರೇಕ್ಷಕರು ಮೆಚ್ಚಬೇಕು. ಅವರ ಮೆಚ್ಚುಗೆಗೆ ಅಂಕ.

"ಹಾಗಾದರೆ ಏನು ಮಾಡಬೇಕು?"

"ಮೊದಲು ಚೆನ್ನಾಗಿ ಹೊಡೆಸಿಕೊಳ್ಳಬೇಕು. ಇವನು ಸತ್ತೇ ಹೋದ ಅನ್ನೋ ಹಾಗೆ ಆಗಬೇಕು. ಆಮೇಲೆ ಎದ್ದು ಹೊಡೆಯಬೇಕು. ಆಗ ಜನ ಕೂಗ್ತಾರೆ."

ನನಗೆ ನಗು ಬಂತು. "ಹಾಗಾದರೆ ನಮ್ಮ ಟೀವಿ ಧಾರಾವಾಹಿಯ ಸೊಸೆಯರಿಗೆ ಈ ಆಟ ಚೆನ್ನಾಗಿ ಬರುತ್ತೆ ಬಿಡು" ಎಂದೆ. ಅವನಿಗೆ ಅದು ಅರ್ಥವಾಗಲಿಲ್ಲ. ನಾನೂ ಹಪ್ಪಳ ಮುರಿದುಕೊಂಡು ಸುಮ್ಮನಾದೆ. ಆದರೆ ಆ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಗೆದ್ದರೂ ಅಂಕವಿಲ್ಲ, ಹೊಡೆಸಿಕೊಂಡರೆ ಚಪ್ಪಾಳೆ!

ಈ ಕುಸ್ತಿಯ ಪರಿಚಯ ನನಗೆ ಹೊಸದಲ್ಲ. 1990ರ ದಶಕದಲ್ಲಿ ನಮ್ಮ ಬೀದಿಗೆ ಕೇಬಲ್ ಬಂದಾಗ ಇದೂ ಬಂತು. ನನ್ನ ಮಗ ಮತ್ತು ಅವನ ಗೆಳೆಯರು ಅಂಗಡಿಯಿಂದ ಕುಸ್ತಿಪಟುಗಳ ಚಿತ್ರವಿರುವ ಕಾರ್ಡುಗಳನ್ನು ತಂದು ಎತ್ತರ, ತೂಕ, ಎದೆಯ ಸುತ್ತಳತೆ ಎಂದು ಕೂಗಿ ಕೂಗಿ ಆಡುತ್ತಿದ್ದರು. ಅಂಡರ್‌ಟೇಕರ್ ಎನ್ನುವವನು ಏಳು ಸಲ ಸತ್ತು ಏಳು ಸಲ ಎದ್ದು ಬಂದಿದ್ದಾನೆ ಎನ್ನುವುದು ಅವರೆಲ್ಲರ ಖಚಿತ ನಂಬಿಕೆ. 1996ರಲ್ಲಿ 'ಖಿಲಾಡಿಯೋಂ ಕಾ ಖಿಲಾಡಿ' ಹಿಂದಿ ಚಿತ್ರದಲ್ಲಿ ಅಕ್ಷಯ್ ಕುಮಾರ್ ಆ ಅಂಡರ್‌ಟೇಕರ್‌ನನ್ನೇ ಎತ್ತಿದನೆಂದು ಹುಡುಗರು ವಾರಗಟ್ಟಲೆ ಮಾತಾಡಿದರು. ಆ ಚಿತ್ರದಲ್ಲಿದ್ದವನು ಅವನಲ್ಲ, ಬ್ರಯಾನ್ ಲೀ ಎಂಬ ಬೇರೆ ಕುಸ್ತಿಪಟು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ನಕಲಿ ಕಾಳಗದ ನಕಲಿ ವೀರ!

ಕಾಳಗ ನಕಲಿ ಎನ್ನುವುದನ್ನು ಅದನ್ನು ನಡೆಸುವವರೇ ಒಪ್ಪಿಕೊಂಡಿದ್ದಾರೆ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ಟಿಗೆ ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯವರು ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಿಳಿಸಿದರು. ಸ್ಪರ್ಧೆ ಎಂದರೆ ಸರ್ಕಾರದ ಕ್ರೀಡಾ ಆಯೋಗದ ಕಟ್ಟುಪಾಡು, ತೆರಿಗೆ ಎಲ್ಲ ಬರುತ್ತದೆ. ಮನರಂಜನೆ ಎಂದರೆ ಅದಿಲ್ಲ. ಅದಕ್ಕೂ ಎಷ್ಟೋ ಮೊದಲು, 1957ರಲ್ಲಿ ಪ್ರಕಟವಾದ 'ಮಿಥಾಲಜೀಸ್' ಎಂಬ ಪುಸ್ತಕದಲ್ಲಿ ರೋಲಾಂ ಬಾರ್ತ್ ಎಂಬ ಫ್ರೆಂಚ್ ಲೇಖಕರು ಇಂಥ ಕುಸ್ತಿಯನ್ನು ಆಟವೆಂದಲ್ಲ, ಒಂದು ಪ್ರದರ್ಶನವೆಂದೇ ನೋಡಬೇಕೆಂದು ವಾದಿಸಿದ್ದರು. ಯಾರು ಗೆಲ್ಲುತ್ತಾರೆ ಎನ್ನುವುದಕ್ಕಿಂತ ನೋವು, ಸೋಲು, ನ್ಯಾಯ ಇವು ಕಣ್ಣಿಗೆ ಕಟ್ಟುವಂತೆ ಕಾಣಿಸುತ್ತವೆಯೇ ಎನ್ನುವುದು ಅಲ್ಲಿನ ಜನಕ್ಕೆ ಮುಖ್ಯವಂತೆ.

ನಮ್ಮ ಅಪ್ಪ ಇದ್ದಿದ್ದರೆ ಇದನ್ನೆಲ್ಲ ಕೇಳಿ ಎದ್ದು ಹೋಗಿಬಿಡುತ್ತಿದ್ದರು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬೆಂಕಿಪುರ ಎನ್ನುವ ಹಳೆಯ ಹೆಸರಿದ್ದ ಊರಿನಲ್ಲಿ, 1918ರಲ್ಲಿ ಸ್ಥಾಪನೆಯಾಗಿ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಾರ್ಖಾನೆ ಅದು. ಅಪ್ಪನಿಗೆ ಕುಸ್ತಿಯ ಹುಚ್ಚು. ತಾವು ಗರಡಿಗೆ ಹೋದವರೇನಲ್ಲ, ನೋಡುವ ಹುಚ್ಚು ಅಷ್ಟೆ. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಬಯಲು ಜಂಗೀ ಕುಸ್ತಿ ನಡೆಯುವಾಗ ಒಂದು ಸಲ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹೋಗಿದ್ದರು. ಆ ಗುಂಪಿನಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಅಕ್ಕ ಅವರ ಕೈ ಹಿಡಿದು ತುದಿಗಾಲಲ್ಲಿ ನಿಂತಿದ್ದಳು.

ನನಗೆ ನೆನಪಿರುವುದು ಹದಮಾಡಿದ ಮಣ್ಣಿನ ವಾಸನೆ, ತಮಟೆಯ ಸದ್ದು ಮತ್ತು ಒಂದು ಜೋಡಿ. ಇಬ್ಬರೂ ಬಹಳ ಹೊತ್ತು ಭುಜಕ್ಕೆ ಭುಜ ಕೊಟ್ಟು ನಿಂತೇ ಇದ್ದರು. ಏನೂ ನಡೆಯುತ್ತಿಲ್ಲವೆಂದು ಜನ ಬೈಯತೊಡಗಿದರು. ಒಬ್ಬ ಪೈಲ್ವಾನನಿಗೆ ಆ ಬೈಗುಳ ತಡೆಯಲಾಗಲಿಲ್ಲವೋ ಏನೋ, ಅವಸರದಲ್ಲಿ ಒಂದು ಪಟ್ಟು ಹಾಕಲು ಹೋದ. ಅಷ್ಟೆ, ಬೆನ್ನು ಮಣ್ಣಿಗೆ ತಾಗಿತ್ತು. ಹಿಂತಿರುಗುವಾಗ ಅಪ್ಪ ಹೇಳಿದ ಮಾತು ಅಕ್ಕನಿಗೂ ನನಗೂ ಇವತ್ತಿಗೂ ನೆನಪಿದೆ. "ಅವನು ಎದುರಾಳಿಗೆ ಸೋಲಲಿಲ್ಲ. ಜನಕ್ಕೆ ಸೋತ. ಅಖಾಡಕ್ಕೆ ಇಳಿದ ಮೇಲೆ ಜನರ ಕಡೆ ಕಿವಿ ಕೊಡಬಾರದು."

ಅಪ್ಪನ ಮಾತು ಎಷ್ಟು ದೊಡ್ಡದು ಎಂದು ಆಗ ಅನಿಸಿತ್ತು. ದೊಡ್ಡವಳಾಗುತ್ತಾ ಒಂದು ಅನುಮಾನ ಬರತೊಡಗಿತು. ಈ ಉಪದೇಶ ಗಂಡುಮಕ್ಕಳಿಗೆ ಮಾತ್ರವೇ? ಏಕೆಂದರೆ ಅದೇ ಅಪ್ಪ, ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಕಾಫಿ ತಟ್ಟೆ ಹಿಡಿದು ಹೊರಟವಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, "ಸ್ವಲ್ಪ ನಗುಮುಖ ಮಾಡಿಕೊಂಡು ಹೋಗಮ್ಮ, ನಾಲ್ಕು ಜನ ಕೂತಿದ್ದಾರೆ" ಎಂದರು. ಅಂಕ ಹಾಕುವವರ ಮುಂದೆ ನಾನು ಇಳಿದ ಮೊದಲ ಪಂದ್ಯ ಅದು. ನೀವೂ ಇಳಿದಿರುತ್ತೀರಿ. ಆಮೇಲಿನದು ನಿಮಗೆ ಗೊತ್ತೇ ಇದೆ. ಗೌರಿಹಬ್ಬಕ್ಕೆ, ಸೀಮಂತಕ್ಕೆ, ಬೀಗರ ಔತಣಕ್ಕೆ, ಆಫೀಸಿನವರು ಊಟಕ್ಕೆ ಬಂದ ದಿನಕ್ಕೆ ಬೇರೆ ಬೇರೆ ಅಖಾಡ, ಸುತ್ತಲಿನ ಜನ ಮಾತ್ರ ಅವರೇ. ಮಾತಿಗೆ ಮಾತು ಕೊಟ್ಟು ಗೆದ್ದ ಸೊಸೆಗೆ ಅಂಕವಿಲ್ಲ. ನೋವು ನುಂಗಿ ನಕ್ಕವಳಿಗೆ, "ಎಷ್ಟು ಸಹನೆ!" ಎಂದು ಪೂರ್ತಿ ಅಂಕ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಹೆಂಗಸರಾದ ನಾವು ಎಂದೂ ಹೇಳಿಕೊಳ್ಳುವ ಅಳಲಾಗುತ್ತಿತ್ತು. ನಾನು ಹೇಳಬೇಕೆಂದಿರುವುದು ನನ್ನ ಅಳಲಲ್ಲ, ನನ್ನ ತಪ್ಪು.

2011ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ನನ್ನ ಮಗಳ ಮದುವೆಯಾಯಿತು. ಹದಿನೈದು ದಿನ ಮೊದಲೇ ಅಕ್ಕ ಬಂದು ನಿಂತಳು. ನಾನು ಗಾಬರಿಯ ಸ್ವಭಾವದವಳು. ಅಕ್ಕ ಇದ್ದಾಳೆ ಎಂದರೆ ನನಗೆ ಆನೆಯ ಬಲ. ಹಪ್ಪಳ ಸಂಡಿಗೆಯಿಂದ ಹಿಡಿದು ಬೀಗಿತಿಯರ ಸೀರೆಯವರೆಗೆ ಎಲ್ಲ ಅವಳದೇ. ಮದುವೆಯ ದಿನ ಅವಳು ಆರತಿ ಹಾಡು ಹೇಳಿದಾಗ ಗಂಡಿನ ಕಡೆಯವರೂ ಎದ್ದು ಬಂದು ಕೇಳಿದರು. ಬೀಗಿತಿ ನನ್ನ ಕೈ ಹಿಡಿದು, "ನಿಮ್ಮ ಅಕ್ಕ ಇಲ್ಲದಿದ್ದರೆ ಮದುವೆಗೆ ಈ ಕಳೆ ಎಲ್ಲಿತ್ತು" ಎಂದರು. ನಾನು ಅದನ್ನು ಹತ್ತು ಜನಕ್ಕೆ ಹೇಳಿಕೊಂಡು ಓಡಾಡಿದೆ.

ಮೂರು ತಿಂಗಳ ನಂತರ ಭಾವ ಫೋನು ಮಾಡಿದರು. ಅಕ್ಕನ ಎಡ ಎದೆಯಲ್ಲಿ ಗಂಟು. ಕಂಕುಳಿಗೂ ಹರಡಿದೆ. ಯುಗಾದಿಯ ಹೊತ್ತಿಗೇ ಅವಳಿಗೆ ತಿಳಿದಿತ್ತು. ಯಾರಿಗೂ ಹೇಳಿರಲಿಲ್ಲ. ಪರೀಕ್ಷೆ ಮಾಡಿದ ಡಾಕ್ಟರು, ಮಾತು ಕಡಿಮೆಯಿದ್ದ ಹೆಂಗಸು, ನಮ್ಮಿಬ್ಬರ ಮುಖ ನೋಡಿ, "ಆಗಲೇ ಬಂದಿದ್ದರೆ ಇಷ್ಟು ಕಷ್ಟ ಇರಲಿಲ್ಲ" ಎಂದರು. ಅಷ್ಟೇ ಹೇಳಿದ್ದು. ಆಪರೇಷನ್ ಆಯಿತು. ಔಷಧಿಯ ಉರಿಗೆ ಮೊಣಕಾಲುದ್ದದ ಕೂದಲು ಹೋಯಿತು. ಒಂದು ವರ್ಷ ಅವಳು ಅಕ್ಕನಾಗಿಯೇ ಇರಲಿಲ್ಲ. ಬದುಕಿದಳು. ಇವತ್ತಿಗೂ ಇದ್ದಾಳೆ. ಆದರೆ ಎಡಗೈ ಊದಿಕೊಳ್ಳುತ್ತದೆ, ಬಿಂದಿಗೆ ಎತ್ತುವಂತಿಲ್ಲ.

ಆ ದಿನಗಳಲ್ಲಿ ಒಂದು ರಾತ್ರಿ ನಿದ್ದೆ ಬಾರದೆ ಮದುವೆಯ ವಿಡಿಯೋ ಹಾಕಿಕೊಂಡು ಕುಳಿತೆ. ಅದರಲ್ಲಿ ಎಲ್ಲವೂ ಇತ್ತು! ಅಕ್ಕ ಆರತಿ ತಟ್ಟೆಯನ್ನು ಬಲಗೈಯಲ್ಲೇ ಹಿಡಿದಿದ್ದಾಳೆ, ಎಡಗೈ ಮೈಗೆ ಒತ್ತಿಕೊಂಡಿದೆ. ಹಾಡಿನ ನಡುವೆ ಕಂಬಕ್ಕೆ ಒರಗುತ್ತಾಳೆ. ಊಟದ ಪಂಕ್ತಿಯಲ್ಲಿ ಯಾರೋ ಎಡಗಡೆಯಿಂದ ತಗುಲಿದಾಗ ಮುಖ ಕಿವುಚಿ, ಕ್ಯಾಮೆರಾ ಕಂಡ ಕೂಡಲೇ ನಗುತ್ತಾಳೆ. ಕೂಲಿಗೆ ಬಂದ ಕ್ಯಾಮೆರಾ ಇದನ್ನೆಲ್ಲ ನೋಡಿತ್ತು. ಹದಿನೈದು ದಿನ ಜೊತೆಯಲ್ಲಿ ಮಲಗಿ ಎದ್ದ ತಂಗಿ ನೋಡಲಿಲ್ಲ. ನಾನು ಅಂಕ ಹಾಕುತ್ತಿದ್ದೆ.

ಅಲ್ಲಿಯವರೆಗೆ ನನ್ನ ಪ್ರಶ್ನೆ, ಜನರನ್ನು ಮೆಚ್ಚಿಸಲು ಬದುಕುವುದು ಸರಿಯೇ ಎಂಬುದಾಗಿತ್ತು. ಆ ರಾತ್ರಿಯಿಂದ ಪ್ರಶ್ನೆ ಬದಲಾಯಿತು. ಮೆಚ್ಚುವವರ ಧರ್ಮವೇನು? ಚಪ್ಪಾಳೆ ತಟ್ಟುವವರಿಗೆ ಏನೂ ಜವಾಬ್ದಾರಿ ಇಲ್ಲವೇ?

1999ರ ಮೇ 23ರಂದು ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ನಡೆದ ಒಂದು ಘಟನೆ ಇದೆ. ಓವನ್ ಹಾರ್ಟ್ ಎಂಬ ಕುಸ್ತಿಪಟುವನ್ನು ಛಾವಣಿಯಿಂದ ಹಗ್ಗದಲ್ಲಿ ಕೆಳಗಿಳಿಸುವ ಏರ್ಪಾಡಾಗಿತ್ತು, ಬರೀ ಪ್ರೇಕ್ಷಕರ ಮೋಜಿಗಾಗಿ. ಕೊಂಡಿ ಬಿಚ್ಚಿಕೊಂಡು ಆತ ಮೇಲಿನಿಂದ ಕೆಳಗೆ ಬಿದ್ದ. ನೋಡುತ್ತಿದ್ದ ಎಷ್ಟೋ ಜನಕ್ಕೆ ಇದೂ ಆಟದ ಭಾಗವೆನಿಸಿತು. ವಿವರಣೆ ಹೇಳುವವನು, ಇದು ಪ್ರದರ್ಶನದ ಭಾಗವಲ್ಲ ಎಂದು ಟೀವಿ ನೋಡುವವರಿಗೆ ಬಿಡಿಸಿ ಹೇಳಬೇಕಾಯಿತು. ಆತ ತೀರಿಕೊಂಡ. ಪ್ರದರ್ಶನ ಮಾತ್ರ ಮುಂದುವರಿಯಿತು. ಇದನ್ನು ಓದಿದಾಗ ನನಗೆ ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ನೆನಪಾಯಿತು. ಬೋಳಿಸಿದ ತಲೆಯ ಜಟ್ಟಿಗಳು ಎದುರುಬದುರು ನಿಲ್ಲುತ್ತಾರೆ. ಆದರೆ ಒಬ್ಬನ ತಲೆಯಿಂದ ರಕ್ತದ ಹನಿ ಕಂಡ ಕೂಡಲೇ ಕಾಳಗ ನಿಂತುಬಿಡುತ್ತದೆ. ಇನ್ನೂ ಸ್ವಲ್ಪ ನೋಡೋಣ ಎನ್ನುವಂತಿಲ್ಲ. ಎಷ್ಟೇ ಕ್ರೂರವಾಗಿ ಕಂಡರೂ ಆ ಕಾಳಗಕ್ಕೆ ನಿಲ್ಲಿಸುವ ಗೆರೆಯೊಂದಿದೆ. ನಮ್ಮ ಮದುವೆಮನೆಗಳಿಗೆ ಅದೂ ಇಲ್ಲ.

ಮಹಾಭಾರತದಲ್ಲಿ ರಾಜಕುಮಾರರು ತಮ್ಮ ವಿದ್ಯೆಯನ್ನು ರಂಗದಲ್ಲಿ ಪ್ರದರ್ಶಿಸುವ ಪ್ರಸಂಗ ಬರುತ್ತದಲ್ಲ, ಅದನ್ನು ನಾವೆಲ್ಲ ಅರ್ಜುನನ ಬಿಲ್ಲಿಗಾಗಿ, ಕರ್ಣನ ಪ್ರವೇಶಕ್ಕಾಗಿ ನೆನಪಿಟ್ಟುಕೊಂಡಿದ್ದೇವೆ. ಊರಿಗೆ ಊರೇ ಕುಳಿತು ಎರಡು ಪಕ್ಷವಾಗಿ ಕೂಗುತ್ತಿತ್ತು. ಅಷ್ಟು ಜನರ ನಡುವೆ ಒಬ್ಬಳು ಹೆಂಗಸು ಮೂರ್ಛೆ ಹೋದಳು. ಕುಂತಿ. ಉಳಿದವರಿಗೆ ಇಬ್ಬರು ಬಿಲ್ಲುಗಾರರು ಕಂಡರು, ಅವಳಿಗೆ ಇಬ್ಬರು ಮಕ್ಕಳು ಕಂಡರು. ಆದರೆ ಅವಳೂ ಬಾಯಿ ಬಿಡಲಿಲ್ಲ. ವಿದುರ ಉಪಚರಿಸಿದ ಮೇಲೆ ಎಚ್ಚೆತ್ತು ಸುಮ್ಮನೆ ಕುಳಿತಳು. ನೋಡಿದವಳೂ ನಾಲ್ಕು ಜನರಿಗೆ ಹೆದರಿದರೆ ಏನಾಗುತ್ತದೆ ಎನ್ನುವುದೇ ಮುಂದಿನ ಕಥೆಯಲ್ಲವೇ?

ಒಂದು ದಿನ ಅಕ್ಕನ ಮುಂದೆ ಇದನ್ನೆಲ್ಲ ಹೇಳಿಕೊಂಡು ಅತ್ತೆ. "ನನ್ನನ್ನು ಮೆಚ್ಚಿಸೋಕೆ ನೀನು ಸುಳ್ಳು ನಗು ನಕ್ಕೆ" ಎಂದೆ. ಅಕ್ಕನಿಗೆ ಸಿಟ್ಟು ಬಂತು.

"ಸುಳ್ಳು ಅನ್ನಬೇಡ ಮಾರಾಯ್ತಿ. ಅವಳ ಮದುವೆಯಲ್ಲಿ ನನಗೆ ನಿಜವಾಗಿ ಸಂತೋಷ ಆಗಿತ್ತು. ಹಾಡಿದ್ದು ಸಂತೋಷಕ್ಕೇ. ಗಂಟಿನ ವಿಷಯ ಮುಚ್ಚಿಟ್ಟಿದ್ದು ನನ್ನ ದಡ್ಡತನ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡ."

ಈ ಮಾತಿನಿಂದ ನನಗೊಂದು ತಿಳುವಳಿಕೆ ಬಂತು. ಮೆಚ್ಚಿಸುವುದೆಲ್ಲ ಮೋಸವಲ್ಲ. ಬಂದವರ ಮುಂದೆ ನಗುವುದು, ರುಚಿಯಾಗಿ ಬಡಿಸುವುದು, ಚಿಕ್ಕ ಮಕ್ಕಳ ಜೊತೆ ಓಡಿ ಬೇಕೆಂದೇ ಸೋಲುವುದು, ಇವೆಲ್ಲ ಕೊಡುವ ಸುಖ. ಆ ನಾಟಕದ ಕುಸ್ತಿಯಲ್ಲೂ ಹೊರಗೆ ಕಾಣುವುದು ಹಗೆ, ಒಳಗೆ ಇರುವುದು ಕಾಳಜಿ. ಮೇಲೆತ್ತಿ ಒಗೆಯುವವನ ಕೈಯಲ್ಲಿ ಇನ್ನೊಬ್ಬನ ಕತ್ತು ಇರುತ್ತದೆ, ಅದನ್ನು ಕಾಪಾಡುವುದು ಅವನ ಹೊಣೆ. ಬೀಳುವವನು ಗದ್ದವನ್ನು ಎದೆಗೆ ಒತ್ತಿಕೊಂಡು, ಪೆಟ್ಟು ಒಂದೇ ಕಡೆ ಬೀಳದೆ ಬೆನ್ನಿಗೆಲ್ಲ ಹಂಚಿಹೋಗುವಂತೆ ಬೀಳುವುದನ್ನು ತಿಂಗಳುಗಟ್ಟಲೆ ಕಲಿತಿರುತ್ತಾನೆ. ನಿಜವಾಗಿ ಪೆಟ್ಟಾದರೆ ರೆಫರಿ ಎರಡೂ ಕೈಗಳನ್ನು ತಲೆಯ ಮೇಲೆ ಕತ್ತರಿಯಂತೆ ಅಡ್ಡ ಹಿಡಿಯುತ್ತಾನೆ. ಇದು ಆಟವಲ್ಲ, ಬೇಗ ಬನ್ನಿ ಎಂದು ಅದರ ಅರ್ಥ. ಜನಕ್ಕೆ ಸುಳ್ಳು ತೋರಿಸುವವರು ತಮ್ಮತಮ್ಮೊಳಗೆ ಸತ್ಯಕ್ಕೊಂದು ಗುರುತು ಇಟ್ಟುಕೊಂಡಿದ್ದಾರೆ. ಅಖಾಡದೊಳಗೆ ಒಬ್ಬರಿಗಾದರೂ ನಿಜ ಗೊತ್ತಿರಬೇಕು. ಅಕ್ಕನ ವಿಷಯದಲ್ಲಿ ಆ ಒಬ್ಬರು ನಾನಾಗಬೇಕಿತ್ತು. ನಾನು ಜನರ ಸಾಲಿನಲ್ಲಿ ಹೋಗಿ ಕುಳಿತಿದ್ದೆ.

ಅಪ್ಪನ ಮಾತಿಗೂ ಈಗ ನನ್ನದೊಂದು ತಿದ್ದುಪಡಿ ಇದೆ. ಜನರ ಕಡೆ ಕಿವಿ ಕೊಡಬಾರದು, ನಿಜ. ಆದರೆ ಹಾಗೆ ಹೇಳುವುದು ಅಖಾಡದಲ್ಲಿರುವವರ ಮೇಲೆ ಎಲ್ಲ ಭಾರ ಹಾಕಿದಂತೆ. ಸುತ್ತ ನಿಂತವರೂ ಸ್ವಲ್ಪ ಬೈಯುವುದನ್ನು, ಸ್ವಲ್ಪ ಕೂಗುವುದನ್ನು ಬಿಟ್ಟು ನೋಡಬೇಕಲ್ಲವೇ?

ಅವತ್ತು ಸಂಜೆಯ ಹೊತ್ತಿಗೆ ಅಕ್ಕ ಎದ್ದು ಬಂದಳು. ಹುಡುಗ ಇನ್ನೂ ಆಡುತ್ತಲೇ ಇದ್ದ. ಅವಳೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಯಾರಿಗೆ ಎಷ್ಟು ಶಕ್ತಿ ಉಳಿದಿದೆ ಅಂತ ಗೊತ್ತಾಗೋದು ಹೇಗೋ? ಬೇರೆ ಆಟಗಳಲ್ಲಿ ಮೇಲ್ಗಡೆ ಒಂದು ಪಟ್ಟಿ ಇರುತ್ತಲ್ಲ" ಎಂದಳು. ಮೊಮ್ಮಗನ ದೆಸೆಯಿಂದ ಅವಳಿಗೆ ಇದೆಲ್ಲ ಗೊತ್ತು.

"ಇದರಲ್ಲಿ ಪಟ್ಟಿ ಇಲ್ಲ ಅಜ್ಜಿ. ಅವನು ಎಷ್ಟು ನಿಧಾನಕ್ಕೆ ಏಳ್ತಾನೆ, ಹೇಗೆ ನಿಲ್ತಾನೆ ಅಂತ ನೋಡಿ ನಾವೇ ತಿಳ್ಕೋಬೇಕು."

"ಸುಸ್ತಾದರೆ?"

"ಉಸಿರು ತಗೊಳ್ಳೋಕೆ ಒಂದು ಗುಂಡಿ ಇದೆ. ಅದನ್ನ ಒತ್ತಿದರೆ ಸ್ವಲ್ಪ ಹೊತ್ತು ನಿಂತು ಉಸಿರು ತಗೊಳ್ತಾನೆ. ನಾನು ಒತ್ತೋದೇ ಇಲ್ಲ, ಅಷ್ಟರಲ್ಲಿ ಹೊಡೀತಾರೆ."

"ಒತ್ತೋ ಮಗನೇ" ಎಂದಳು ಅಕ್ಕ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗಲಿಲ್ಲ.

ಈಗ ನಾನು ಅಕ್ಕನಿಗೆ ವಾರಕ್ಕೆ ಎರಡು ಸಲ ಫೋನು ಮಾಡುತ್ತೇನೆ. "ಹೇಗಿದ್ದೀಯಾ?" ಎಂದರೆ "ಚೆನ್ನಾಗಿದ್ದೀನಿ" ಎಂದೇ ಬರುತ್ತದೆ ಉತ್ತರ. ಆ ಉತ್ತರ ನಾಲ್ಕು ಜನಕ್ಕೆ. ಊಟ, ಮಳೆ, ಮೊಮ್ಮಗನ ಶಾಲೆ ಎಲ್ಲ ಮಾತಾಡಿ, ಇಡುವ ಮೊದಲು ಇನ್ನೊಂದು ಸಲ ಕೇಳುತ್ತೇನೆ. "ಅಕ್ಕಾ, ಹೇಗಿದ್ದೀಯಾ?" ಆಗ ಒಂದು ಕ್ಷಣ ಸುಮ್ಮನಿರುತ್ತಾಳೆ. ಆಮೇಲೆ ಹೇಳುತ್ತಾಳೆ, "ನಿನ್ನೆಯಿಂದ ಕೈ ಸ್ವಲ್ಪ ಜಾಸ್ತಿ ಊದಿದೆ ಕಣೇ."

ಭದ್ರಾವತಿಯ ಬಸ್ಸು ನಮ್ಮೂರಿನಿಂದ ಬೆಳಗಿನಿಂದ ರಾತ್ರಿಯವರೆಗೆ ಇದೆ. ಮರುದಿನ ಹೊರಟುಬಿಡುತ್ತೇನೆ.